ಅವರೆಕಾಯಿ ಸಭೆ ಮತ್ತು ಶರಣಮ್ಮನ ಹಂಚು

ನಿವೃತ್ತಳಾದ ಮೇಲೆ ನನ್ನನ್ನು ಯಾರಾದರೂ ಮಾತನಾಡಲು ಕರೆಯುತ್ತಾರೆಂದು ನಾನು ಎಣಿಸಿರಲಿಲ್ಲ. ಕೆಲಸದಲ್ಲಿದ್ದಾಗ "ಮೇಡಂ, ಸ್ವಲ್ಪ ಮಾತು ಕಡಿಮೆ ಮಾಡಿ" ಎನ್ನುತ್ತಿದ್ದವರೇ ಹೆಚ್ಚು. ಆದರೂ ಹೋದ ತಿಂಗಳು ನಮ್ಮ ಹಳೆಯ ಕೇಂದ್ರದವರು ಕರೆದರು. ಹೊಸದಾಗಿ ಸೇರಿದ ಮಕ್ಕಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದರು. ಅವರಲ್ಲೊಬ್ಬಳು ಕೈಯೆತ್ತಿ, "ಮೇಡಂ, ರಿಸರ್ಚ್‌ನಲ್ಲಿ ಪೇಷೆಂಟ್ಸನ್ನೂ ಮನೆಯವರನ್ನೂ ಪಾಲುದಾರರಾಗಿ ಸೇರಿಸ್ಕೋಬೇಕು ಅಂತ ನಮಗೆ ಟ್ರೈನಿಂಗ್ ಕೊಟ್ಟಿದಾರೆ. ನಿಮ್ ಕಾಲದಲ್ಲಿ ಇದೆಲ್ಲ ಇತ್ತಾ?" ಎಂದು ಕೇಳಿದಳು.

"ಇತ್ತಮ್ಮ. ಶುರುವಾಗಿದ್ದು ಅವರೆಕಾಯಿ ಸೀಸನ್‌ನಲ್ಲಿ" ಅಂದೆ.

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅಷ್ಟರಲ್ಲಿ ಕಾಫಿ ಬಂತು, ಮಾತು ಎತ್ತಲೋ ಹೋಯಿತು. ಆ ಹುಡುಗಿಗೆ ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಹಲಸೂರು ಕೆರೆಯ ಹತ್ತಿರದ ಹಳೇ ಮನೆಯೊಂದರಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಮನೋರೋಗಿಗಳಿಗಾಗಿ ಕೇಂದ್ರ ನಡೆಸುತ್ತಿತ್ತು. ಹಜಾರದಲ್ಲಿ ರೋಗಿಗಳು, ನಡುಮನೆಯಲ್ಲಿ ಡಾಕ್ಟರು, ಅಡುಗೆಮನೆಯಲ್ಲಿ ಔಷಧಿ. ಮಾತ್ರೆಯ ಡಬ್ಬಿಗಳನ್ನು ಅಡುಗೆಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರಿಂದ ಹೊಸಬರು ಅವನ್ನು ಸಾಂಬಾರ ಪದಾರ್ಥವೆಂದೇ ತಿಳಿಯುತ್ತಿದ್ದರು. ನನ್ನ ಹುದ್ದೆಯ ಹೆಸರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಹೆಸರು ಉದ್ದ, ಕೆಲಸ ಅದಕ್ಕಿಂತ ಉದ್ದ. ರೋಗಿಗಳ ಮನೆಗೆ ಹೋಗುವುದು, ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ನೋಡುವುದು, ಮನೆಯವರ ಜಗಳ ಬಿಡಿಸುವುದು, ಬಿಡಿಸಲಾಗದಿದ್ದರೆ ಕೂತು ಕೇಳುವುದು. ಮುಂದೆ ಬಡ್ತಿ ಸಿಕ್ಕಿತು, ನನ್ನ ಕುರ್ಚಿಗೆ ಕೈಗಳು ಬಂದವು. ಅದನ್ನೆಲ್ಲ ಬರೆಯುವುದಿಲ್ಲ. ಕುರ್ಚಿಗೆ ಕೈ ಬಂದ ಮೇಲೆ ಮನೆಗಳಿಗೆ ಹೋಗುವುದು ಕಡಿಮೆಯಾಯಿತು, ಕಲಿಯುವುದೂ ಕಡಿಮೆಯಾಯಿತು.

ನಮ್ಮ ಕೇಂದ್ರಕ್ಕೆ ಒಂದು ಜೀಪಿತ್ತು. ಅದರ ಎರಡೂ ಪಕ್ಕ 'ಮಾನಸಿಕ ಆರೋಗ್ಯ ಸೇವೆ' ಎಂದು ಮೂರು ಭಾಷೆಗಳಲ್ಲಿ ದೊಡ್ಡದಾಗಿ ಬರೆಸಿದ್ದರು. ಜನರಿಗೆ ಗೊತ್ತಾಗಬೇಕಲ್ಲ! ಶಿವಾಜಿನಗರದ ಒಂದು ಗಲ್ಲಿಯಲ್ಲಿ ಶಮೀಮ್ ಬೀ ಎಂಬಾಕೆ ಇದ್ದಳು. ಗಂಡ ಟೈಲರ್, ಒಳ್ಳೆಯ ಕೆಲಸಗಾರ, ಆದರೆ ವರ್ಷಕ್ಕೊಮ್ಮೆ ತಲೆ ಕೆಟ್ಟು ಹೊಲಿದದ್ದನ್ನೆಲ್ಲ ಬಿಚ್ಚಿ ಹಾಕುತ್ತಿದ್ದ. ನಾವು ಜೀಪನ್ನು ನೇರ ಅವರ ಬಾಗಿಲಿಗೆ ತಂದು ನಿಲ್ಲಿಸಿದೆವು. ಗಲ್ಲಿಯ ಮಕ್ಕಳೆಲ್ಲ ಸುತ್ತ ನೆರೆದು ಜೋರಾಗಿ ಅಕ್ಷರ ಕೂಡಿಸಿ ಓದತೊಡಗಿದವು. ಶಮೀಮ್ ಬೀ ನನ್ನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

"ಅರೇ ಬೇಟಿ, ಗಾಡಿ ಇಧರ್ ನಕ್ಕೋ. ಪೂರಾ ಗಲ್ಲಿಗೆ ಡಂಗೂರ ಹೊಡ್ದಂಗೆ ಆಯ್ತಲ್ಲ. ಮಾರ್ಕೆಟ್ ಹತ್ರ ನಿಲ್ಸಿ ನಡ್ಕೊಂಡ್ ಬಾ. ಕೈಯಲ್ಲಿ ಒಂದ್ ತರಕಾರಿ ಚೀಲ ಇರ್ಲಿ. ಯಾರಾದ್ರೂ ಕೇಳಿದ್ರೆ ನಮ್ ಸಹೇಲಿ ಅಂತೀನಿ."

ಅಂದಿನಿಂದ ತರಕಾರಿ ಚೀಲ ಹಿಡಿದೇ ಮನೆಗಳಿಗೆ ಹೋದೆ. ಚೀಲದಲ್ಲಿ ಕೆಳಗೆ ಮಾತ್ರೆ, ಮೇಲೆ ಹುರುಳಿಕಾಯಿ. ನಮ್ಮ ಮನೆಯಲ್ಲಿ ಆ ವರ್ಷವೆಲ್ಲ ಹುರುಳಿಕಾಯಿ ಪಲ್ಯವೇ ಆಯಿತು. ನನ್ನ ಗಂಡ ಶಮೀಮ್ ಬೀಯನ್ನು ಒಮ್ಮೆಯೂ ನೋಡದೆ ಶಪಿಸುತ್ತಿದ್ದರು.

ನಮ್ಮ ಮೇಲಧಿಕಾರಿ ಡಾಕ್ಟರ್ ಸೆಲ್ವರಾಜ್. ಕುಕ್ ಟೌನಿನ ಹಳೇ ಬಂಗಲೆಯವರು. ಮನೆಯಲ್ಲಿ ತಮಿಳು, ಯೋಚನೆಗೆ ಇಂಗ್ಲಿಷ್, ಬೈಯುವುದಕ್ಕೆ ಕನ್ನಡ. "ಎನ್ನ ಮೇಡಂ, ಡೇಟಾ ಎಲ್ಲಿ?" ಎನ್ನುತ್ತಲೇ ಬೆಳಿಗ್ಗೆ ಒಳಗೆ ಬರುತ್ತಿದ್ದರು. ಮುಂಗೋಪಿ. ಆದರೆ ಕೋಪ ಇಳಿದ ಮೇಲೆ ತಾವೇ ಎದ್ದು ಬಂದು ಕ್ಷಮೆ ಕೇಳುವ ಡಾಕ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಕೈಕೆಳಗೆ ದುಡಿದದ್ದು ನನ್ನ ಪುಣ್ಯವೆಂದೇ ತಿಳಿದಿದ್ದೇನೆ.

ಆಗಿನ ಪದ್ಧತಿ ಹೀಗಿತ್ತು. ರೋಗಿಯನ್ನು ಪಕ್ಕದಲ್ಲಿ ಕೂರಿಸಿ, "ಇವರು ಹೇಗಿದ್ದಾರೆ?" ಎಂದು ಮನೆಯವರನ್ನು ಕೇಳುವುದು. ಊಟ ಮಾಡ್ತಾರಾ? ಮಾಡ್ತಾರೆ. ನಿದ್ದೆ ಬರುತ್ತಾ? ಬರುತ್ತೆ. ನಿದ್ದೆ ಬರಬೇಕಾದವರು ಅಲ್ಲೇ ಗೋಡೆ ನೋಡುತ್ತ ಕೂತಿರುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಮದುವೆಗೆ ಬಂದ ಹುಡುಗಿಯ ವಿಷಯವನ್ನು ಅವಳ ಮುಂದೆಯೇ ದೊಡ್ಡವರು ಮಾತನಾಡುವುದಿಲ್ಲವೇ, ಹಾಗೆ.

ದಶಕದ ಕೊನೆಯಲ್ಲಿ ನಮಗೊಂದು ಸಂಶೋಧನಾ ಯೋಜನೆ ಸಿಕ್ಕಿತು. ಗುಣಮುಖರಾಗುತ್ತಿರುವವರು ನಡುವೆ ಮಾತ್ರೆಯನ್ನು ಯಾಕೆ ನಿಲ್ಲಿಸುತ್ತಾರೆ ಎಂಬುದೇ ಅದರ ಪ್ರಶ್ನೆ. ಧನಸಹಾಯ ಮಾಡುವವರು ಒಂದು ಷರತ್ತು ಹಾಕಿದ್ದರು: ರೋಗಿಗಳೂ ಅವರ ಮನೆಯವರೂ ಸಂಶೋಧನೆಯ ಪಾಲುದಾರರಾಗಿರಬೇಕು, ಪ್ರಶ್ನೆಗಳನ್ನು ಅವರೊಂದಿಗೆ ಕೂತೇ ಮಾಡಬೇಕು. ಡಾಕ್ಟರ್ ಸೆಲ್ವರಾಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪೇಷೆಂಟೇ ರಿಸರ್ಚ್ ಮಾಡಿದ್ರೆ ನಾನು ಯಾಕೆ ಮೇಡಂ? ಮನೆಗೆ ಹೋಗಿ ರೋಸ್ ಗಿಡಕ್ಕೆ ನೀರ್ ಹಾಕ್ತೀನಿ" ಅಂದರು. ಆಮೇಲೆ ಸಹಿ ಹಾಕಿದರು.

ಮೊದಲ ಸಭೆ ಕೇಂದ್ರದ ಹಜಾರದಲ್ಲಿ ಸೇರಿತು. ಕುರ್ಚಿಗಳನ್ನು ವೃತ್ತಾಕಾರವಾಗಿ ಇಟ್ಟು, ನಡುವೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇರಿಸಿದ್ದೆವು. ಡಾಕ್ಟರು ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಂತರು. "ಕೂತ್ಕೊಳ್ಳಿ, ನಾವೆಲ್ಲ ಸಮಾನರು" ಎಂದು ಅವರು ಗದರಿದರು. ಎಲ್ಲರೂ ಬೆದರಿ ಕೂತರು. ಮಾತ್ರೆಯಿಂದ ಏನಾದರೂ ತೊಂದರೆ ಇದೆಯಾ ಎಂದರೆ, "ಏನೂ ಇಲ್ಲ ಸಾರ್, ಚೆನ್ನಾಗಿದೆ ಸಾರ್." ಒಬ್ಬರಾದ ಮೇಲೊಬ್ಬರು ಅದನ್ನೇ ಟೇಪ್ ರೆಕಾರ್ಡರಿಗೆ ಬಾಗಿ ಹೇಳಿದರು. ಇಷ್ಟು ಚೆನ್ನಾಗಿದ್ದರೆ ಇವರೆಲ್ಲ ಯಾಕೆ ಮಾತ್ರೆ ಬಿಡುತ್ತಾರೆ? ಶಮೀಮ್ ಬೀ ಮಾತ್ರ, ಈ ಡಬ್ಬಿಯೊಳಗಿನ ಮಾತು ಎಲ್ಲೆಲ್ಲಿ ಕೇಳಿಸುತ್ತದೆ ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಸಭೆ ಮುಗಿದ ಮೇಲೆ ಮುನಿಯಮ್ಮ ಎಂಬವರು ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಅವರ ಊರು ಸಿ.ವಿ. ರಾಮನ್ ನಗರದ ಪಕ್ಕದ ಹಳ್ಳಿ. ಊರೆಂದರೆ ಆ ಹೊತ್ತಿಗಾಗಲೇ ಬಡಾವಣೆಗಳ ನಡುವೆ ಸಿಕ್ಕಿಕೊಂಡ ನಾಲ್ಕು ಬೀದಿ. ರಾಗಿ ಹೊಲವಿದ್ದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅವರ ತಮ್ಮ ಪಿಳ್ಳಪ್ಪ ಇಪ್ಪತ್ತರ ಹರೆಯದಿಂದ ನಮ್ಮಂಥವರ ಔಷಧಿಯಲ್ಲಿದ್ದವನು. ಮದುವೆಯಿಲ್ಲ. ಹೊಲ ಹೋದರೂ ಅವನಿಗಾಗಿಯೇ ಮುನಿಯಮ್ಮ ಎರಡು ಹಸು ಉಳಿಸಿಕೊಂಡಿದ್ದರು.

"ಹಿಂಗೆ ಕುರ್ಚಿ ಮ್ಯಾಲೆ ಕೂರ್ಸಿ, ಪೊಲೀಸ್ನೋರ ತರ ಕೇಳಿದ್ರೆ ಯಾರಮ್ಮ ಬಾಯ್ ಬಿಡ್ತಾರೆ?" ಅಂದರು. "ಭಾನುವಾರ ನಮ್ಮನೆಗ್ ಬನ್ನಿ ಎಲ್ಲಾರೂ. ಅವರೆಕಾಯಿ ಮೂಟೆ ತರ್ಸಿದೀನಿ. ಕಾಯಿ ಸುಲೀತಾ ಕುಂತ್ರೆ ಮಾತು ತಾನಾಗೇ ಬತ್ತದೆ. ನಿಮ್ ಡಾಕ್ಟ್ರನ್ನೂ ಕರ್ಕೊಂಡ್ ಬನ್ನಿ, ಒಂದ್ ಕೈ ಜಾಸ್ತಿಯಾಯ್ತದೆ."

ನಮಗೆ ಸಂಶೋಧನೆ ಆಗಬೇಕಿತ್ತು, ಅವರಿಗೆ ಮೂಟೆ ಖಾಲಿಯಾಗಬೇಕಿತ್ತು. ಯಾರಿಗೂ ನಷ್ಟವಿಲ್ಲದ ಒಪ್ಪಂದ.

ಹೋದೆವು. ಚಳಿಗಾಲದ ಬೆಳಗಿನ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಗೋಣಿತಾಟಿನ ಮೇಲೆ ಸೊಗಡು ಅವರೆಯ ರಾಶಿ, ಸುತ್ತ ರೋಗಿಗಳು, ಮನೆಯವರು, ನಾವು. ಯಾರು ರೋಗಿ, ಯಾರು ಅಲ್ಲ ಎಂದು ದಾರಿಹೋಕನಿಗೆ ಹೇಳಲು ಬರುತ್ತಿರಲಿಲ್ಲ. ಡಾಕ್ಟರು ಪ್ಯಾಂಟು ಸರಿಮಾಡಿಕೊಂಡು ಮಣೆಯ ಮೇಲೆ ಕೂತು, ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಎಸೆಯುತ್ತಿದ್ದರು. ಪಿಳ್ಳಪ್ಪ ಸ್ವಲ್ಪ ಹೊತ್ತು ನೋಡಿ, ಮಾತಿಲ್ಲದೆ ಅವರ ಮುಂದಿನ ಮೊರ ತಿರುಗಿಸಿಟ್ಟ. ಅಲ್ಲಿಂದ ನಗು ಶುರುವಾಯಿತು.

ಕೈಗೆ ಕೆಲಸವಿದ್ದರೆ ಕಣ್ಣು ಕೆಳಗಿರುತ್ತದೆ. ಕಣ್ಣು ಕೆಳಗಿದ್ದಾಗ ಯಾರ ಮುಖವನ್ನೂ ನೋಡಬೇಕಿಲ್ಲ, ಸುಮ್ಮನಾದರೂ ಯಾರೂ ಕಾಯುತ್ತಿಲ್ಲ. ಇದು ನಮಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತ, ಸುತ್ತು ಬಂದು ಶರಣಮ್ಮನ ಹತ್ತಿರ ನಿಂತಿತು.

ಶರಣಮ್ಮ ಮುನಿಯಮ್ಮನ ಸಾಲುಮನೆಯಲ್ಲೇ ಬಾಡಿಗೆಗಿದ್ದವಳು. ಯಾದಗಿರಿ ಕಡೆಯವಳು, ಇಪ್ಪತ್ತೆಂಟೋ ಮೂವತ್ತೋ ವಯಸ್ಸು. ಗಂಡ ಬಸಪ್ಪ ಕಟ್ಟಡದ ಕೆಲಸದಲ್ಲಿ ಕಂಬಿ ಕಟ್ಟುವವನು. ಶಾಲೆಗೆ ಹೋಗುವ ಒಬ್ಬಳು ಮಗಳು. ಬಸಪ್ಪನ ಅಕ್ಕನೂ ಜೊತೆಗಿದ್ದಳು. ಶರಣಮ್ಮನಿಗೆ ಕಿವಿಯಲ್ಲಿ ಯಾರೋ ಮಾತನಾಡುವ ಕಾಯಿಲೆ. ಮಾತ್ರೆಯಿಂದ ವಾಸಿಯಾಗುತ್ತಿತ್ತು, ಎರಡು ತಿಂಗಳಾದರೆ ಮಾತ್ರೆ ಬಿಡುತ್ತಿದ್ದಳು, ಮತ್ತೆ ಕೆಡುತ್ತಿತ್ತು. ನಮ್ಮ ಕಡತದಲ್ಲಿ ಅವಳ ಹೆಸರಿನ ಮುಂದೆ 'ಸಹಕರಿಸುವುದಿಲ್ಲ' ಎಂದು ಬರೆದಿತ್ತು. ಕೇಂದ್ರದಲ್ಲಿ ಅವಳ ದನಿ ನಾನು ಕೇಳಿದ್ದೇ ಕಡಿಮೆ. ಎಲ್ಲಕ್ಕೂ ಬಸಪ್ಪನೇ ಉತ್ತರಿಸುತ್ತಿದ್ದ.

ಅವಳ ಮುಂದಿನ ಕಾಳಿನ ಗುಡ್ಡೆ ಎಲ್ಲರದಕ್ಕಿಂತ ಚಿಕ್ಕದಿತ್ತು. ಶಮೀಮ್ ಬೀ ಅದನ್ನು ನೋಡಿ, "ಕ್ಯಾ ಅಮ್ಮಾ, ಕೈಗೆ ನಿದ್ದೆ ಬಂತಾ?" ಎಂದು ಕೀಟಲೆ ಮಾಡಿದಳು.

"ಖರೇನ ನಿದ್ದಿ ಬಂದದ್ರಿ" ಎಂದಳು ಶರಣಮ್ಮ, ತಲೆಯೆತ್ತದೆ. "ಗುಳಿಗಿ ತಗೊಂಡ್ರ ಕಿವ್ಯಾಗಿನ ಮಂದಿ ಸುಮ್ಮನಾಗ್ತಾರ. ಕೈನೂ ಸುಮ್ಮನಾಗ್ತದ. ರೊಟ್ಟಿ ಬಡೀಲಾಕ ಕುಂತ್ರ ಕೈ ತಿರಗವಲ್ದು, ರೊಟ್ಟಿ ನಡುವ ಹರೀತದ. ಈಗ ನನಗ ಒಲಿ ಮುಂದ ಕುಂದ್ರಲಾಕ ಬಿಡಂಗಿಲ್ರಿ. ಇವರ ಅಕ್ಕನಾ ರೊಟ್ಟಿ ಬಡೀತಾಳ."

ಬಸಪ್ಪನಿಗೆ ಸಿಟ್ಟು ಬಂತು. "ನೆಪ ತೆಗೀತಾಳ್ರಿ ಸಾಹೇಬ್ರ. ನೀವಾ ಕೈ ಚಾಚು ಅಂತ ನೋಡೀರಲ್ರಿ, ಒಂಚೂರೂ ನಡುಗಿಲ್ಲ. ಈ ಸಲ ತಲಿ ಕೆಟ್ರ ನಾ ತವರಿಗೆ ಬಿಟ್ಟು ಬರಾಂವ. ನಂದೂ ಸಾಕಾಗೇದ."

ಡಾಕ್ಟರು ಕೈ ಚಾಚಿಸಿ ನೋಡಿದ್ದು ನಿಜ. ಚಾಚಿದ ಕೈ ನಡುಗಿರಲಿಲ್ಲ. ಅವರು ಇನ್ನೊಂದು ಕಾಯಿ ಸುಲಿದರು.

ಶರಣಮ್ಮ ಅದೇ ತಗ್ಗಿದ ದನಿಯಲ್ಲಿ ಮುಂದುವರಿಸಿದಳು. ಹಿಂದೊಮ್ಮೆ ಅವಳನ್ನು ತವರಿಗೆ ಬಿಟ್ಟು ಬಂದಿದ್ದರು. ಮದುವೆಯಲ್ಲಿ ತವರಿನಿಂದ ತಂದ ರೊಟ್ಟಿ ಹಂಚನ್ನೂ ಗಂಟಿನಲ್ಲಿ ಕಟ್ಟಿ ಕೊಟ್ಟಿದ್ದರು. "ನಮ್ಮ ಮಂದ್ಯಾಗ ಹೆಣ್ಮಗಳ ಸಂಗಟ ಆಕಿ ಹಂಚೂ ಹೋತಂದ್ರ ಹೊಳ್ಳಿ ಕರ್ಕೊಳ್ಳಂಗಿಲ್ಲ ಅಂತ್ರಿ ಅದು. ನನ್ ಮಗಳು ಅತ್ತೂ ಅತ್ತೂ ಜ್ವರ ಬಂದು ಮಲಗಿದಳಂತ ಕರ್ಕೊಂಡ್ ಬಂದಾರ. ಇನ್ನೊಮ್ಮಿ ಹ್ವಾದ್ರ ಬರೂದಿಲ್ರಿ ನಾ. ಮಗಳು ಇಲ್ಲೇ ಉಳೀತಾಳ."

ನನಗೆ ಆಗ ಅವಳ ಕಷ್ಟದ ಗಂಟು ಕಂಡಿತು. ಮನೆಯಲ್ಲಿ ಉಳಿಯಬೇಕಾದರೆ ಅವಳು ರೊಟ್ಟಿ ಬಡಿಯಬೇಕು. ರೊಟ್ಟಿ ಬಡಿಯಬೇಕಾದರೆ ಮಾತ್ರೆ ಬಿಡಬೇಕು. ಮಾತ್ರೆ ಬಿಟ್ಟರೆ ತಲೆ ಕೆಡುತ್ತದೆ, ತಲೆ ಕೆಟ್ಟರೆ ತವರು. ಇದನ್ನೇ ನಾವು ಕಡತದಲ್ಲಿ ಒಂದು ಪದದಲ್ಲಿ ಬರೆದು ಮುಗಿಸಿದ್ದೆವು.

"ಹುಚ್ಚು ಬಿಡೋಗಂಟ ಮದ್ವೆ ಆಗಲ್ಲ, ಮದ್ವೆ ಆಗೋಗಂಟ ಹುಚ್ಚು ಬಿಡಲ್ಲ ಅಂದಂಗಾಯ್ತಲ್ಲೇ ನಿನ್ ಕತೆ" ಎಂದರು ಮುನಿಯಮ್ಮ. ನಾವು ಕೇಂದ್ರದಲ್ಲಿ ಅಪ್ಪಿತಪ್ಪಿಯೂ ಆಡದ ಗಾದೆ. ನಾನು ನಾಲಿಗೆ ಕಚ್ಚಿಕೊಂಡೆ. ಮೊದಲು ನಕ್ಕವನು ಪಿಳ್ಳಪ್ಪ. ನಕ್ಕು, ಆ ದಿನದ ತನ್ನ ಮೊದಲ ಮಾತನ್ನು ಆಡಿದ: "ನನ್ ಕೈನೂ ಅಂಗೇ. ಹಾಲ್ ಕರೆಯೋವಾಗ ನಿಧಾನ. ಹಸೂಗೂ ಗೊತ್ತಾಗದೆ, ಒದೀತದೆ."

ಮುನಿಯಮ್ಮ ತಮ್ಮನ ಮುಖವನ್ನೇ ನೋಡಿದರು. "ಇಷ್ಟ್ ವರ್ಷ ಹೇಳೇ ಇಲ್ವಲ್ಲೋ!"

"ನೀನ್ ಕೇಳ್ಳಿಲ್ಲ."

ಊಟಕ್ಕೆ ಹಿತಕಿದ ಬೇಳೆ ಸಾರು, ಮುದ್ದೆ. ಹೊರಡುವಾಗ ಡಾಕ್ಟರು ಎದ್ದು ನಿಂತು, ಯೋಜನೆಯ ಪುಸ್ತಕದಲ್ಲಿದ್ದಂತೆ ಗಂಭೀರವಾಗಿ ಹೇಳಿದರು: "ಇವತ್ತಿಂದ ನೀವೂ ನಮ್ ಹಾಗೇ ಸಂಶೋಧಕರು. ಮನೇಲಿ ಗಮನ ಇಟ್ಟು ನೋಡಿ. ಅನುಮಾನ ಬಂದ್ರೆ ಪರೀಕ್ಷೆ ಮಾಡಿ. ಮುಂದಿನ್ ಸಲ ಬಂದು ಹೇಳಿ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವನು ಬಸಪ್ಪ.

ಅದೇ ವಾರ ಒಂದು ಮಧ್ಯಾಹ್ನ ಕೇಂದ್ರದ ಮುಂದೆ ಆಟೋ ನಿಂತಿತು. ಮುನಿಯಮ್ಮ ಮತ್ತು ಶರಣಮ್ಮ ಇಬ್ಬರೂ ಬಸಪ್ಪನನ್ನು ಹಿಡಿದು ಇಳಿಸಿದರು. ಅವನ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡಿತ್ತು, ದವಡೆ ಬಿಗಿದಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕಂಬಿ ಕಟ್ಟುವಲ್ಲಿ ಹೀಗಾಗಿದ್ದನ್ನು ಕಂಡು ಜೊತೆಯವರು ಗಾಳಿ ಸೋಕಿದೆಯೆಂದು ನಿಂಬೆಹಣ್ಣು ತರಲು ಓಡಿದ್ದರಂತೆ. ಡಾಕ್ಟರು ನೋಡಿದ ಕ್ಷಣವೇ ಗುರುತಿಸಿದರು. ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕುತ್ತಿಗೆ ತಿರುಗಿತು, ಬಾಯಿ ಬಂತು.

"ಶರಣಮ್ಮನ ಮಾತ್ರೆ ನುಂಗಿದೀಯಾ?" ಡಾಕ್ಟರ ದನಿ ಬೀದಿಗೆ ಕೇಳುವಂತಿತ್ತು.

"ಹೌದ್ರಿ. ಮೊನ್ನಿ ಒಂದು ನುಂಗಿದ್ನಿರಿ, ಏನೂ ಆಗಲಿಲ್ಲ. ಅದಕ್ಕ ನಿನ್ನಿ ಎರಡು."

"ಯಾವ ಮುಠ್ಠಾಳ ಹೇಳಿದ್ದು ನಿಂಗೆ ನುಂಗು ಅಂತ?"

ಬಸಪ್ಪ ಮುಗ್ಧವಾಗಿ ಅವರ ಮುಖ ನೋಡಿದ. "ನೀವಾ ಹೇಳಿದ್ರಲ್ರಿ ಸಾಹೇಬ್ರ. ನೀವೂ ಸಂಶೋಧಕರು, ಪರೀಕ್ಷಾ ಮಾಡ್ರಿ ಅಂತ. ಇಕಿ ಸುಳ್ಳ ಹೇಳ್ತಾಳೋ ಖರೆ ಹೇಳ್ತಾಳೋ ನೋಡೂಣಂತ ಪರೀಕ್ಷಾ ಮಾಡಿದ್ನಿರಿ."

ಡಾಕ್ಟರು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತರು.

ಆಮೇಲೆ ಬಸಪ್ಪ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ಕುತ್ತಿಗೆ ತಿರುಚುವುದಕ್ಕೆ ಮೊದಲು, ಬೆಳಿಗ್ಗೆಯಿಂದಲೇ, ತಂತಿ ಬಿಗಿಯುವ ಕೊಕ್ಕೆ ಅವನ ಕೈಯಲ್ಲಿ ತಿರುಗುತ್ತಿರಲಿಲ್ಲವಂತೆ. ಮೇಸ್ತ್ರಿ ಬೈದನಂತೆ. "ಕೈ ನಂದಾ ಅದ್ರಿ. ಖರೆ ನಾ ಹೇಳಿದ್ದು ಕೇಳವಲ್ದಾಗಿತ್ತು" ಎಂದ. ಹೇಳಿ, ಹೆಂಡತಿಯ ಕಡೆ ನೋಡಿದ.

ಶರಣಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದವಳು, "ಈಗ ತಿಳೀತೇನು?" ಎಂದಳು. ಆಮೇಲೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

ನನ್ನ ಓದುಗ ಮಕ್ಕಳೇ, ಇದನ್ನು ಯಾರೂ ಮಾಡಕೂಡದು, ಮಾಡಲು ಬಿಡಕೂಡದು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ವಿಷವಾದೀತು. ಅಂದಿನಿಂದ ಪ್ರತಿ ಸಭೆಯಲ್ಲೂ ಮೊದಲ ಮಾತೇ ಅದಾಗಿತ್ತು. ಆದರೆ ಆ ಮನುಷ್ಯನ ಮೇಲೆ ನನಗೆ ಇಂದಿಗೂ ಮಮತೆ ಉಕ್ಕುತ್ತದೆ. ಹೆಂಡತಿಯ ಮಾತು ನಿಜವೋ ಸುಳ್ಳೋ ತಿಳಿಯಲು ಅವಳ ಮಾತ್ರೆ ನುಂಗಿದ ಗಂಡನನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಕೇಳಿ ನಂಬಿದ್ದರೆ ಸಾಕಿತ್ತು, ಅದು ಬೇರೆ ಮಾತು.

ಈ ಅನಾಹುತವನ್ನು ಧನಸಹಾಯ ಕೊಟ್ಟವರಿಗೆ ವರದಿ ಮಾಡಲೇಬೇಕಿತ್ತು. ಅವರಿಂದ ಪ್ರಶ್ನೆ ಬಂತು: ಈತ ರೋಗಿಯಲ್ಲ, ಔಷಧಿ ಪಡೆಯುವವನಲ್ಲ, ಹಾಗಾದರೆ ಅಡ್ಡಪರಿಣಾಮ ಆಗಿದ್ದು ಯಾರಿಗೆ? ಡಾಕ್ಟರ್ ಸೆಲ್ವರಾಜ್ ಬಹಳ ಹೊತ್ತು ಪೆನ್ನು ಕಚ್ಚಿ, 'ಸಹ ಸಂಶೋಧಕನಿಗೆ' ಎಂದು ಬರೆದು ಕಳಿಸಿದರು. ಅದರ ಮೇಲೆ ಅವರು ಮತ್ತೆ ಕೇಳಲಿಲ್ಲ.

ಕೆಲಸದ ರೀತಿ ಬದಲಾಯಿತು. ಕೈ ಚಾಚಿಸಿ ನೋಡುವುದರ ಜೊತೆಗೆ, ನಿಮ್ಮ ಕೈ ಯಾವ ಕೆಲಸ ಮರೆತಿದೆ ಎಂದು ಕೇಳತೊಡಗಿದೆವು. ಆ ಪ್ರಶ್ನೆಯನ್ನು ಆ ಮಾತುಗಳಲ್ಲಿ ಕಟ್ಟಿಕೊಟ್ಟವಳು ಶರಣಮ್ಮ. ಮೊದಲು ರೋಗಿಯನ್ನು, ಆಮೇಲೆ ಮನೆಯವರನ್ನು ಕೇಳಬೇಕೆಂದವರು ಮುನಿಯಮ್ಮ. ಅವರು ಹೇಳಿದ್ದೆಲ್ಲ ವೇದವಾಕ್ಯವೇನೂ ಆಗಿರಲಿಲ್ಲ. ಡಾಕ್ಟರು ತನ್ನ ಗಂಡನಿಗೆ ಪ್ರತಿ ಅಮಾವಾಸ್ಯೆಗೆ ಇಂಜೆಕ್ಷನ್ ಕೊಡಬೇಕೆಂದು ಶಮೀಮ್ ಬೀ ಹಟ ಹಿಡಿದಿದ್ದಳು. ಒಪ್ಪದಿದ್ದಾಗ ಎರಡು ಸಭೆಗೆ ಮುಖ ಊದಿಸಿಕೊಂಡು ಬರಲೇ ಇಲ್ಲ. ಪಾಲುದಾರರೆಂದ ಮೇಲೆ ಜಗಳವೂ ಪಾಲಿಗೆ ಬರುತ್ತದೆ.

ಡಾಕ್ಟರು ಶರಣಮ್ಮನ ಔಷಧಿಯನ್ನು ನಿಧಾನವಾಗಿ ಇಳಿಸಿ, ಆಗಷ್ಟೇ ಬರತೊಡಗಿದ್ದ ಬೇರೊಂದು ಮಾತ್ರೆ ಶುರುಮಾಡಿದರು. ಕೈ ತುಸು ಸಡಿಲಾಯಿತು. ಮುನಿಯಮ್ಮನ ಹಿತ್ತಲಲ್ಲಿ, ಯಾರೂ ನೋಡದಂತೆ, ಅವಳು ರೊಟ್ಟಿ ಬಡಿದು ನೋಡುತ್ತಿದ್ದಳು. ಹರಿದ ರೊಟ್ಟಿಗಳೆಲ್ಲ ಪಿಳ್ಳಪ್ಪನ ಹಸುಗಳಿಗೆ. ಹಸುಗಳು ದಪ್ಪಗಾದವೆಂದು ಮುನಿಯಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು.

ಆದರೆ ಒಂದು ವಾರ ಕಿವಿಯ ಮಂದಿ ಮರಳಿ ಬಂದರು. ಮಾತ್ರೆ ಬದಲಿಸುವಾಗ ನಾವು ಹೆದರಿದ್ದು ಇದಕ್ಕೇ. ಹಿಂದಿನ ಶರಣಮ್ಮನಾಗಿದ್ದರೆ ಮುಚ್ಚಿಟ್ಟು, ರೋಗ ಕೈಮೀರಿದ ಮೇಲೆ ನಮಗೆ ತಿಳಿಯುತ್ತಿತ್ತು. ಈ ಸಲ ಸಭೆಯಲ್ಲಿ, ಗಂಡನ ಮುಂದೆಯೇ ಅವಳು ಹೇಳಿದಳು. "ಮತ್ತ ಮಾತಾಡಾಕತ್ಯಾರ್ರಿ. ಮೊದಲಾಗಿದ್ರ ಹೇಳ್ತಿದ್ದಿಲ್ಲ, ತವರಿಗೆ ಕಳಿಸ್ತಾರಂತ. ಈ ಸಲ ಹೇಳೀನಿ. ಮುಂದ ನಿಮ್ಮ ಕೈಯಾಗ ಅದ." ಹೇಳುವಾಗ ಅವಳ ಕಣ್ಣು ಬಸಪ್ಪನ ಮೇಲಿತ್ತು. ಬಸಪ್ಪ ತಲೆ ತಗ್ಗಿಸಿದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಡಾಕ್ಟರು ಮಾತ್ರೆ ತುಸು ಏರಿಸಿದರು. ನನಗೆ ಅವನ ಮೌನ ಹಿಡಿಸಲಿಲ್ಲ.

ಯುಗಾದಿ ಹತ್ತಿರ ಬಂತು. ನಮ್ಮ ಅಕ್ಕನನ್ನು ರೈಲು ಹತ್ತಿಸಲು ಒಂದು ಸಂಜೆ ದಂಡು ರೈಲು ನಿಲ್ದಾಣಕ್ಕೆ ಹೋಗಿದ್ದೆ. ಅಕ್ಕ ಹೊರಟ ಮೇಲೆ ತಿರುಗಿದರೆ, ಯಾದಗಿರಿ ಕಡೆಯ ರೈಲಿಗೆ ಕಾಯುವ ಜನರ ನಡುವೆ ಬಸಪ್ಪ ನಿಂತಿದ್ದ. ಪಕ್ಕದಲ್ಲಿ ಶರಣಮ್ಮ, ಕಾಲ ಬಳಿ ಬಟ್ಟೆಯ ಗಂಟು. ಮಗಳು ಕಾಣಲಿಲ್ಲ.

ಜನರನ್ನು ತಳ್ಳಿಕೊಂಡು ಹೋಗಿ ಅವನನ್ನು ತರಾಟೆಗೆ ತೆಗೆದುಕೊಂಡೆ. "ಏನ್ರೀ ಬಸಪ್ಪ ಇದು? ನಮಗೊಂದ್ ಮಾತೂ ಹೇಳ್ದೆ! ಔಷಧಿ ಸರಿಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು ಅಂತ ಡಾಕ್ಟ್ರು ಹೇಳಿರ್ಲಿಲ್ವಾ? ಅಷ್ಟೂ ತಾಳ್ಮೆ ಇಲ್ವಾ ನಿಮಗೆ?"

ಬಸಪ್ಪ ಕಕ್ಕಾಬಿಕ್ಕಿಯಾದ. ಶರಣಮ್ಮನಿಗೆ ನನ್ನ ಮನಸ್ಸಿನಲ್ಲಿದ್ದದ್ದು ತಿಳಿಯಿತು. ಅವಳು ನನ್ನ ಕೈ ಹಿಡಿದು ಗಂಟಿನ ಹತ್ತಿರ ಎಳೆದಳು.

"ಎತ್ತಿ ನೋಡ್ರಿ ಮೇಡಂರ್."

ಎತ್ತಿದೆ. ಹಗುರವಾಗಿತ್ತು.

"ಅದ್ರಾಗ ಹಂಚಿಲ್ರಿ. ಮನ್ಯಾಗ ಒಲಿ ಮ್ಯಾಲ ಅದ. ಹಬ್ಬಕ್ಕ ಹೊಂಟೀವ್ರಿ, ಮೂರೂ ಮಂದಿ."

ಅಷ್ಟರಲ್ಲಿ ಮಗಳು ನಲ್ಲಿಯಿಂದ ನೀರಿನ ಬಾಟಲಿ ತುಂಬಿಕೊಂಡು, ಲಂಗ ಒದ್ದೆ ಮಾಡಿಕೊಂಡು ಓಡಿ ಬಂದಳು. ನನಗೆ ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ಬಸಪ್ಪ ಮಗಳ ಕೈ ಒರೆಸಲು ಆ ಕಡೆ ತಿರುಗಿದ. ಶರಣಮ್ಮ ನನ್ನ ಹತ್ತಿರ ಸರಿದು ದನಿ ತಗ್ಗಿಸಿದಳು.

"ನೀವು ಅಂಜಿದ್ದು ತಪ್ಪಲ್ರಿ. ನಾನೂ ಅಂಜಿದ್ದೆ. ಊರಿಗೆ ಹೋಗೂಣು ಅಂದಾಗ ನನ್ ಜೀವಾನೇ ಹೋಗಿತ್ತು. ಹೊರಡೂ ಮುಂದ ಅವನಾ ಗಂಟು ಕಟ್ಟಿದ. ನಾ ಬಾಗಲದಾಗ ನಿಂತು ನೋಡಾಕತ್ತಿದ್ದೆ, ಹಂಚು ಇಡ್ತಾನೇನು ಅಂತ. ಸೀರಿ ಅರಬಿ ಇಟ್ಟ. ಗುಳಿಗಿ ಇಟ್ಟ. ಹಂಚಿನ ಕಡಿ ಹೋದ. ಅದರ ಮ್ಯಾಲ ನಾ ಬಡದಿದ್ದ ರೊಟ್ಟಿ ಇತ್ತು. ರೊಟ್ಟಿ ತಗೊಂಡು ಕಟ್ಟಿದ, ಹಂಚು ಅಲ್ಲೇ ಬಿಟ್ಟ."

ರೈಲು ಬಂತು. ನೂಕುನುಗ್ಗಲಿನ ನಡುವೆ ಅವಳು ಗಂಟಿನ ಮೂಲೆ ಬಿಚ್ಚಿ ಒಂದು ರೊಟ್ಟಿಯನ್ನು ನನ್ನ ತರಕಾರಿ ಚೀಲಕ್ಕೆ ತುರುಕಿದಳು. ಮನೆಗೆ ಬಂದು ತಿಂದೆ. ಒಂದು ಅಂಚು ದಪ್ಪವಿತ್ತು, ನಡುವೆ ಎಲ್ಲೂ ಹರಿದಿರಲಿಲ್ಲ. ಹಬ್ಬ ಮುಗಿದ ಮೇಲಿನ ಸಭೆಗೆ ಮೂವರೂ ಬಂದರು. ರೊಟ್ಟಿಯ ಅಂಚಿನ ವಿಷಯ ಅವಳಿಗೆ ಹೇಳಿದೆ.

"ಗೊತ್ತದ್ರಿ" ಎಂದಳು ಶರಣಮ್ಮ. "ರೈಲಿಗೆ ತಡ ಆಗಿತ್ತು."